ಅಂಜುಬುರುಕ ಬೆಕ್ಕಿನ ಹೆಜ್ಜೆ ಓದುವ ಕ್ರಮ

ವಿಜಯಪುರದ ಕೋಟೆಗೋಡೆಯ ಸಂದಿಗಳಲ್ಲಿ ಬೆಳೆದ ಅಂಜುಬುರುಕ ಬೆಕ್ಕನ್ನು ಮನೆಗೆ ತಂದವರು ಮೊದಲ ಕೆಲವು ದಿನ ಅದನ್ನು ಹುಡುಕಬಾರದು. ಉತ್ಖನನದಲ್ಲಿ ಆದಿಲ್‌ಶಾಹಿ ಕಾಲದ ಮಡಕೆಯ ಚೂರೊಂದನ್ನು, ಮಣ್ಣಿನ ಯಾವ ಸ್ತರದಲ್ಲಿ, ಯಾವುದರ ಜೊತೆ ಸಿಕ್ಕಿತೆಂದು ಬರೆದುಕೊಳ್ಳದೆ ಎತ್ತಿದರೆ, ಅದು ಹೇಳಬಹುದಾಗಿದ್ದ ಅರ್ಧ ಸಂಗತಿ ಅಲ್ಲಿಯೇ ಕಳೆದುಹೋಗುತ್ತದೆ. ಮಂಚದಡಿಯಿಂದ ಎಳೆದು ತಂದ ಬೆಕ್ಕಿನಿಂದಲೂ ಅದರ ಭಯದ ಹೊರತು ಬೇರೇನೂ ತಿಳಿಯುವುದಿಲ್ಲ. ತೊರವಿ ಕಡೆಯ ಸುರಂಗ ಬಾವಡಿ ಎಂಬ ಹಳೆಯ ನೀರಿನ ವ್ಯವಸ್ಥೆಯ ನೆಲದಡಿಯ ಕಾಲುವೆ ಎತ್ತ ಸಾಗಿದೆಯೆಂಬುದನ್ನು ಮೇಲೆ ಸಾಲಾಗಿ ಕಾಣುವ ಬಾವಿಬಾಯಿಗಳಿಂದ ಗುರುತಿಸುವಂತೆ, ಬೆಕ್ಕಿನ ಓಡಾಟವನ್ನೂ ಅದು ಬಿಟ್ಟುಹೋದ ಕುರುಹುಗಳಿಂದಲೇ ತಿಳಿಯಬೇಕು.

ಮೊದಲಿಗೆ ಒಂದೇ ಕೋಣೆ ಕೊಡಿ. ಈ ಊರಿನ ಬೇಸಿಗೆಗೆ ತಗಡಿನ ಮಾಳಿಗೆಯ ಕೋಣೆ ಸಲ್ಲದು. ರಟ್ಟಿನ ಪೆಟ್ಟಿಗೆಗೆ ಎರಡು ಬದಿಯಲ್ಲಿ ಬಾಯಿ ಕೊಯ್ದು ಮೂಲೆಯಲ್ಲಿಡಿ. ಒಂದೇ ಬಾಯಿಯಿದ್ದರೆ ಓಡಲು ದಾರಿಯಿಲ್ಲವೆಂದು ಬೆಕ್ಕು ಬೆದರುತ್ತದೆ. ಮಲಮೂತ್ರಕ್ಕೆ ಇಡುವ ಮರಳಿನ ತಟ್ಟೆ ಊಟ, ನೀರಿನಿಂದ ದೂರವಿರಲಿ.

ರಾತ್ರಿ ಮಲಗುವ ಮುನ್ನ ಪೆಟ್ಟಿಗೆಯಿಂದ ಬಾಗಿಲಿನ ತನಕ ಜೋಳದ ಹಿಟ್ಟನ್ನು ಜರಡಿಯಿಂದ ತೆಳ್ಳಗೆ ಉದುರಿಸಿ, ಬೆಳಗ್ಗೆ ಕಸ ಹೊಡೆಯುವ ಮೊದಲು ನೋಡಿ. ಬೆಕ್ಕು ಉಗುರನ್ನು ಒಳಗೆಳೆದುಕೊಂಡು ನಡೆಯುವುದರಿಂದ ಹಿಟ್ಟಿನಲ್ಲಿ ನಾಲ್ಕು ಬೆರಳು ಮತ್ತು ಅಂಗಾಲಿನ ಗುರುತಷ್ಟೇ ಮೂಡುತ್ತದೆ. ಹೆಜ್ಜೆಯ ಮೇಲೆ ಹೆಜ್ಜೆ ಬಿದ್ದಿದ್ದರೆ ಮೇಲಿನದೇ ಈಚಿನದು. ಉತ್ಖನನದ ಸ್ತರಗಳ ನಿಯಮವೂ ಇದೇ. ಆದರೆ ಹೆಗ್ಗಣ ತೋಡಿದ ಬಿಲದ ಮೂಲಕ ಮೇಲಿನ ನಾಣ್ಯ ಕೆಳಗಿನ ಸ್ತರಕ್ಕೆ ಜಾರಬಹುದಾದ್ದರಿಂದ ಉತ್ಖನನಕಾರರು ಬಿಲದ ಮಣ್ಣನ್ನು ಬೇರೆಯಾಗಿಯೇ ತೆಗೆಯುತ್ತಾರೆ. ಮನೆಯಲ್ಲಿಯೂ ಮಕ್ಕಳು ತಟ್ಟೆ ಸರಿಸಿದ್ದರೆ, ಹಿಟ್ಟು ತುಳಿದಿದ್ದರೆ, ಆ ದಿನದ ಟಿಪ್ಪಣಿಯಲ್ಲಿ ಅದನ್ನು ಬರೆದಿಡಿ. ಬೆಕ್ಕಿನ ಹೆಜ್ಜೆ ದಾಖಲೆಯಾಗುವುದು ಹೊಸದೇನಲ್ಲ: ಕ್ರೊಯೇಷಿಯಾದ ದುಬ್ರೋವ್ನಿಕ್‌ನ ಪತ್ರಾಗಾರದಲ್ಲಿರುವ 1445ರ ಹಸ್ತಪ್ರತಿಯೊಂದರ ಪುಟಗಳ ಮೇಲೆ ಮಸಿ ಮೆತ್ತಿದ ಬೆಕ್ಕಿನ ಪಾದಗಳು ಇಂದಿಗೂ ಸ್ಪಷ್ಟವಾಗಿ ಕಾಣುತ್ತವೆ. ಲಿಪಿಕಾರ ಎಷ್ಟು ಸಿಟ್ಟಾದನೋ, ಊಹಿಸಬಹುದು.

ಇಡೀ ದಿನ ಆಹಾರ ಮುಟ್ಟದಿದ್ದರೆ ಮಾತ್ರ ಈ ತಾಳ್ಮೆಯನ್ನು ಬದಿಗಿಟ್ಟು ಪಶುವೈದ್ಯರಿಗೆ ತೋರಿಸಿ. ಕೆಲವು ದಿನ ಉಪವಾಸವಿದ್ದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೆ ಕುತ್ತು ಬರಬಹುದು. ರೇಬಿಸ್ ಲಸಿಕೆ ತಪ್ಪಿಸಬೇಡಿ. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ.

ಹೆಜ್ಜೆಗಳು ಬಾಗಿಲಿನವರೆಗೆ ಬರತೊಡಗಿದ ಮೇಲೆ ನೀವು ನೆಲದ ಮೇಲೆ ಓರೆಯಾಗಿ ಕುಳಿತು, ಬೆಕ್ಕನ್ನು ದಿಟ್ಟಿಸದೆ, ನಿಧಾನವಾಗಿ ಕಣ್ಣು ಮುಚ್ಚಿ ತೆರೆಯುತ್ತಿರಿ. ಅದು ತಾನಾಗಿಯೇ ಬಂದು ನಿಮ್ಮ ಕೈ ಮೂಸಿದ ಮೇಲೆ ಎರಡನೆಯ ಕೋಣೆಯ ಬಾಗಿಲು ತೆರೆಯಿರಿ; ಪೆಟ್ಟಿಗೆಯನ್ನು ಮಾತ್ರ ಮೊದಲಿನ ಮೂಲೆಯಿಂದ ಕದಲಿಸಬೇಡಿ.