ತೂಕದ ಗುಂಡು ಹಿಡಿದು ಬಾದಾಮಿಯ ಪನೋರಮಾ

ಬಾದಾಮಿಯ ಬಾವನ್ ಬಂಡೆ ಕೋಟೆ ಮೇಲಿಂದ ಎದುರಿನ ಮೇಣಬಸದಿ ಗುಹೆಗಳ ಗುಡ್ಡ, ಕೆಳಗಿನ ಅಗಸ್ತ್ಯ ತೀರ್ಥದ ಕೆರೆ, ಪಶ್ಚಿಮಕ್ಕೆ ಊರು, ಮೂರನ್ನೂ ಹಲವು ಫ್ರೇಮ್ ಜೋಡಿಸಿದ ಒಂದೇ ಚಿತ್ರದಲ್ಲಿ ಹಿಡಿಯಲು ಪನೋರಮಾ ಹೆಡ್ (ಕ್ಯಾಮೆರಾ ತಿರುಗಿಸಿದರೂ ಲೆನ್ಸ್ ಜಾಗ ಬಿಡದಂತೆ ಟ್ರೈಪಾಡಿನ ಮೇಲೆ ಕೂರಿಸುವ ಸಾಧನ) ಬೇಕೇ ಬೇಕು ಅಂತ ನಮ್ಮ ಕಡೆ ಸ್ಟುಡಿಯೋದವರ ವಾದ. ಅದಕ್ಕೆ ಹದಿನೈದು ಸಾವಿರ. ಮೇಲೆ ಟ್ರೈಪಾಡಿಗೆ ಪುರಾತತ್ವ ಇಲಾಖೆಯ ಅನುಮತಿ. ನಾನು ಮುಗಿಸಿದ್ದು ಗೌಂಡಿಗಳ ತೂಕದ ಗುಂಡಿನಲ್ಲಿ. ದಾರ ಸೇರಿ ನೂರೈವತ್ತು ರೂಪಾಯಿ ಇರಬೇಕು. ಆರಡಿ ಪ್ರಿಂಟಿನಲ್ಲಿ ಜೋಡಣೆಯ ಗೆರೆ ಹುಡುಕಿದವರಿಗೆ ಇನ್ನೂ ಸಿಕ್ಕಿಲ್ಲ.

ಫುಲ್ ಫ್ರೇಮ್ ಕ್ಯಾಮೆರಾ, 50 ಎಂಎಂ ಲೆನ್ಸ್, ಕ್ಯಾಮೆರಾ ನಿಲುವಾಗಿ. ದಾರ ಲೆನ್ಸಿಗೆ ಕಟ್ಟಿ, ಗುಂಡು ನೆಲದಿಂದ ಬೆರಳಷ್ಟು ಮೇಲೆ ತೂಗಬೇಕು, ಅದರಡಿ ಗುರುತಿಗೊಂದು ಹರಳು. ಕ್ಯಾಮೆರಾ ಅಲ್ಲೇ ಇರಲಿ, ಅದರ ಸುತ್ತ ನೀವು ಹೆಜ್ಜೆ ಸರಿಸಿ. ದಾರ ಕಟ್ಟುವ ಜಾಗ ಒಂದೊಂದು ಲೆನ್ಸಿಗೆ ಒಂದೊಂದು: ಹತ್ತಿರದ ಕಂಬದ ಹಿಂದೆ ದೂರದ ಕಂಬ ಮರೆಯಾಗುವಂತೆ ಇಟ್ಟು ಕ್ಯಾಮೆರಾ ತಿರುಗಿಸಿದಾಗ ಎರಡೂ ಬೇರೆಯಾಗದ ಜಾಗವೇ ಅದು. ಹಗುರ ಗುಂಡು ಗಾಳಿಗೆ ಓಲಾಡುತ್ತದೆ, ಮುನ್ನೂರು ಗ್ರಾಂ ಇದ್ದರೆ ಅಡ್ಡಿಯಿಲ್ಲ. ಮಂಗಗಳು ಮಾತ್ರ ದಾರಕ್ಕೇ ಕೈ ಹಾಕುತ್ತವೆ.

ಐಎಸ್‌ಒ 200, ಎಫ್ 8, ಶಟರ್ 1/400 ಸೆಕೆಂಡ್, ಎಲ್ಲ ಮ್ಯಾನುವಲ್. ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬಿಟ್ಟರೆ ಒಂದು ಫ್ರೇಮಿನಲ್ಲಿ ಬಂಡೆ ಇಟ್ಟಂಗಿ ಕೆಂಪು, ಪಕ್ಕದ್ದರಲ್ಲಿ ಕಂದು. ಪೋಲರೈಸರ್ (ಹೊಳಪು ತಗ್ಗಿಸುವ ಫಿಲ್ಟರ್) ಬೇಡ, ಆಕಾಶದಲ್ಲಿ ಕಪ್ಪು ಪಟ್ಟಿ ಬೀಳುತ್ತದೆ. ಪ್ರತಿ ಫ್ರೇಮೂ ಹಿಂದಿನದರ ಶೇ. 40 ಒಳಗೊಂಡಿರಲಿ. ಸಾಲಿಗೆ ಒಂಬತ್ತು ಫ್ರೇಮ್, ಎರಡು ಸಾಲು: ಮೇಲಿನದು ನೇರ ಮಟ್ಟದಲ್ಲಿ, ಕೆಳಗಿನದು ಇಪ್ಪತ್ತು ಡಿಗ್ರಿ ಬಾಗಿಸಿ. ಒಂದೇ ಸಾಲು ತೆಗೆದರೆ ಕಾಲಬುಡದ ಕೆರೆ ಕತ್ತರಿಸಿ ಹೋಗುತ್ತದೆ. 24 ಮೆಗಾಪಿಕ್ಸೆಲ್‌ನಲ್ಲಿ ಅಗಲ ಸುಮಾರು 23,000 ಪಿಕ್ಸೆಲ್, ಅಂದರೆ ಆರಡಿಗೆ ಇಂಚಿಗೆ ಮುನ್ನೂರರ ಮೇಲೆ. ಜೋಡಿಸುವುದು ಹ್ಯೂಜಿನ್ ಅನ್ನುವ ಸಾಫ್ಟ್‌ವೇರ್‌ನಲ್ಲಿ, ಪುಕ್ಕಟೆ.

ಚಳಿಗಾಲವೇ ಸರಿ ಅನ್ನುವವರ ಮಾತು ಇಲ್ಲಿ ನಡೆಯುವುದಿಲ್ಲ. ಮೇಣಬಸದಿಗಳು ಮುಖ ಮಾಡಿರುವುದು ಉತ್ತರಕ್ಕೆ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕಿದ್ದು ಆ ಬಂಡೆ ನೆರಳಲ್ಲೇ ಉಳಿಯುತ್ತದೆ. ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಮಧ್ಯಾಹ್ನವೂ ಸೂರ್ಯ ತುಸು ಉತ್ತರಕ್ಕೇ. ಹಾಗಾಗಿ ಜೂನ್, ಒಂದೆರಡು ಮಳೆ ಬಿದ್ದು ಧೂಳು ಕೂತ ಮೇಲಿನ ಬೆಳಗು. ಸಂಜೆಯ ಬೆಳಕು ಕೆರೆಯ ಪೂರ್ವ ದಂಡೆಯ ಭೂತನಾಥ ಗುಡಿಗೆ ಚೆಂದ, ಊರಿಗೆ ಎದುರು ಬಿಸಿಲು.

ಇದೇ ದಾರವನ್ನು ವಿಜಯಪುರದ ಇಬ್ರಾಹಿಂ ರೋಜಾದ ಕಂಬಗಳ ನಡುವೆಯೂ ನೋಡಿದ್ದಾಯಿತು. ಅಲ್ಲಿ ಕಂಬ ಮಾರು ದೂರದಲ್ಲಿರುವುದರಿಂದ ಎರಡು ಸೆಂಟಿಮೀಟರ್ ಸರಿದರೂ ಕಮಾನು ಮುರಿದಂತೆ ಕಾಣುತ್ತದೆ. ಅಂಥ ಕಡೆ ಹೆಡ್ಡೇ ಗತಿ.

ದುಡ್ಡು ಕರಗುವುದು ಪ್ರಿಂಟಿನಲ್ಲಿ. ಫ್ಲೆಕ್ಸ್‌ನಲ್ಲಿ ಕೆಂಪು ಬಂಡೆ ಗುಲಾಬಿಯಾಯಿತು, ಹೊಳಪಿನ ಲ್ಯಾಮಿನೇಶನ್‌ನಲ್ಲಿ ಟ್ಯೂಬ್‌ಲೈಟೇ ಕಂಡಿತು. ಕೊನೆಗೆ ಕ್ಯಾನ್ವಾಸ್, ಫ್ರೇಮ್ ಸೇರಿ ಮೂರು ಸಾವಿರದ ಆಸುಪಾಸು. ಅದನ್ನು ಕೊಂಡ ಲಾಡ್ಜಿನವರು ಎಂಟು ಸಾವಿರ ಕೊಟ್ಟರು. ಕ್ಯಾನ್ವಾಸಿನಲ್ಲಿ ಆ ಕೆಂಪು ಉಳಿಸಿದ್ದು ಹೇಗೆ ಅಂತ ಕೇಳಬೇಡಿ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಇನ್ನೆರಡು ಆರ್ಡರ್ ಬಾಕಿ ಇವೆ.