ಉದ್ದಕ್ಕೆ 5, ಅಡ್ಡಕ್ಕೆ 7

ಭೂವಿಜ್ಞಾನದ ಎಂ.ಎಸ್ಸಿ. ಓದುವಾಗ ಫೀಲ್ಡ್ ವರ್ಕ್‌ಗೆ ಹೊಳೆನರಸೀಪುರದ ಕಡೆ ಹೋಗಿದ್ದೆವು. ಶಿಸ್ಟ್ ಎಂಬ ಪದರಪದರದ ಕಲ್ಲಿನಲ್ಲಿ ಬೂದು ನೀಲಿ ಬಣ್ಣದ, ಪಟ್ಟಿಯಂಥ ಹರಳುಗಳು ಕಂಡವು. ಕಯನೈಟ್ ಎಂಬ ಖನಿಜ ಇರಬೇಕು ಅನ್ನಿಸಿತು. ಅಲ್ಲೇ ಚಾಕು ತೆಗೆದು ಉದ್ದಕ್ಕೆ ಗೀರಿದೆ. ಗೀರು ಬಿತ್ತು. 1ರಿಂದ 10ರವರೆಗಿನ ಮೋಸ್ ಅಳತೆಯಲ್ಲಿ 'ಗಡಸುತನ 5' ಎಂದು ಬರೆದುಕೊಂಡೆ. ಜೊತೆಗಿದ್ದ ಗೆಳತಿ ಅದೇ ಹರಳನ್ನು ಅಡ್ಡಕ್ಕೆ ಗೀರಿದಳು. ಚಾಕುವಿನ ಕಬ್ಬಿಣವೇ ಕಲ್ಲಿಗೆ ಮೆತ್ತಿಕೊಂಡಿತು, ಗೀರು ಮಾತ್ರ ಇಲ್ಲ. ಅವಳು 7 ಎಂದಳು. ಊಟದ ತನಕ ಇದೇ ಜಗಳ.

ಇಬ್ಬರದೂ ಸರಿಯೇ ಇತ್ತು. ಕಯನೈಟ್ ಅಲ್ಯೂಮಿನಿಯಂ ಸಿಲಿಕೇಟ್. ಅದರೊಳಗೆ ಅಲ್ಯೂಮಿನಿಯಂ-ಆಕ್ಸಿಜನ್ ಸರಪಳಿಗಳು ಹರಳಿನ ಉದ್ದಕ್ಕೂ ಸಾಗುತ್ತವೆ. ಅವುಗಳ ಗುಂಟ ಗೀರುವುದು ಸುಲಭ, ಅಡ್ಡ ಕತ್ತರಿಸುವುದು ಕಷ್ಟ. ಇದಕ್ಕೇ ಹಿಂದೆ ಡಿಸ್ತೀನ್ ಎಂಬ ಹೆಸರೂ ಇತ್ತು. ಗ್ರೀಕ್ ಮೂಲದಲ್ಲಿ 'ಎರಡು ಬಲ' ಎಂದರ್ಥ.

ಲ್ಯಾಬಿಗೆ ಬಂದು ಸಾಂದ್ರತೆ ನೋಡಿದೆ. ಹರಳನ್ನು ದಾರಕ್ಕೆ ಕಟ್ಟಿ ತೂಗಿದರೆ 18 ಗ್ರಾಂ, ನೀರಿನಲ್ಲಿ ಇಳಿಬಿಟ್ಟಾಗ 12.7. ನೀರಿನಲ್ಲಿ ಕಡಿಮೆಯಾದ 5.3ರಿಂದ 18ನ್ನು ಭಾಗಿಸಿದರೆ 3.4. ಕಯನೈಟಿಗೆ ಇದು ಕಡಿಮೆ. ಬಗ್ಗಿ ನೋಡಿದರೆ ಸೀಳುಗಳಲ್ಲಿ ಗಾಳಿಗುಳ್ಳೆ ಕೂತಿದ್ದವು! ನೀರಿಗೆ ಒಂದು ಹನಿ ಸೋಪು ಹಾಕಿ, ಹಳೇ ಟೂತ್‌ಬ್ರಷ್‌ನಿಂದ ಉಜ್ಜಿದೆ. ಈ ಸಲ ನೀರಿನಲ್ಲಿ 13 ಗ್ರಾಂ. 18ನ್ನು 5ರಿಂದ ಭಾಗಿಸಿದರೆ 3.6. ಸರಿಹೋಯಿತು.

ಕೊನೆಗೆ ಮೈಕ್ರೋಸ್ಕೋಪು. 0.03 ಮಿ.ಮೀ. ದಪ್ಪಕ್ಕೆ ತೇಯ್ದು ಗಾಜಿಗೆ ಅಂಟಿಸಿದ ಕಲ್ಲಿನ ಬಿಲ್ಲೆ, ಅಂದರೆ ಥಿನ್ ಸೆಕ್ಷನ್‌ನಲ್ಲಿ ನೀಲಿ ಹೆಚ್ಚುಕಡಿಮೆ ಮಾಯ. ಆದರೆ ಹರಳಿನ ಅಂಚು ಎದ್ದು ಕಾಣುತ್ತದೆ, ಏಕೆಂದರೆ ಅದರ ವಕ್ರೀಭವನಾಂಕ (ಬೆಳಕನ್ನು ಬಾಗಿಸುವ ಪ್ರಮಾಣ) 1.72ರ ಆಸುಪಾಸು, ಸುತ್ತಲಿನ ಅಂಟಿನದು 1.54. ಬೆಳಕನ್ನು ಒಂದೇ ದಿಕ್ಕಿನಲ್ಲಿ ಕಂಪಿಸುವಂತೆ ಸೋಸುವ ಎರಡು ಪೋಲರೈಸರ್‌ಗಳ ನಡುವೆ ಬೂದು, ತಿಳಿ ಹಳದಿ. ಸುಮ್ನೆ ನೋಡಿದರೆ ಸಪ್ಪೆ ಬಣ್ಣಗಳು. ಹರಳು ಇಟ್ಟ ತಟ್ಟೆ (ಸ್ಟೇಜ್) ತಿರುಗಿಸಿದೆ. ಮೊದಲ ಹರಳು ಉದ್ದಗೆರೆ ನೇರ ನಿಂತಾಗಲೇ ಕಪ್ಪಾಯಿತು. ಎದೆ ಧಸಕ್ಕೆಂದಿತು, ಹಾಗೆ ನೇರವಾಗಿ ಕಪ್ಪಾಗುವುದು ಅದೇ ರಾಸಾಯನಿಕ ಸೂತ್ರದ ಸಿಲಿಮನೈಟ್ ಅಲ್ವಾ? ಆಮೇಲೆ ಹೊಳೆಯಿತು, ಹರಳನ್ನು ಯಾವ ದಿಕ್ಕಿನಲ್ಲಿ ಕೊಯ್ದಿದ್ದಾರೆ ಎಂಬುದರ ಮೇಲೆ, ಕಪ್ಪಾಗುವಾಗ ಉದ್ದಗೆರೆ ವಾಲಿರುವ ಕೋನವೂ ಬದಲಾಗುತ್ತದೆ. ಇನ್ನೂ ಎಂಟು ಹರಳು ಅಳೆದೆ. ಒಂದು 6 ಡಿಗ್ರಿ, ಒಂದು 18, ಎಲ್ಲಕ್ಕಿಂತ ಜಾಸ್ತಿ ಬಂದದ್ದು 30. ಸಿಲಿಮನೈಟ್ ಅಲ್ಲ, ಕಯನೈಟೇ. ಆ 30ನ್ನೇ ರೆಕಾರ್ಡ್ ಬುಕ್ಕಿಗೆ ಹತ್ತಿಸಿದೆ.