ಚುಕ್ಕಿಗಳಲ್ಲೇ ಅಕ್ಷರ: ಹಳೇ ಡಿಜಿಟಲ್ ಬೋರ್ಡಿನಂಥ ಫಾಂಟ್ ನೀವೇ ಮಾಡಿ

ರೈಲು ನಿಲ್ದಾಣದ ಬೋರ್ಡಿನಲ್ಲಿ ಓಡುವ ಕೆಂಪು ಅಕ್ಷರ, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಿಂದ ಕರ್ರ್ ಅಂತ ಬರುತ್ತಿದ್ದ ಬಿಲ್ಲು ನೆನಪಿದೆ ಅಲ್ವಾ? ಅಂಥ ಫಾಂಟ್ ಮಾಡಲು ಚಿತ್ರ ಬಿಡಿಸುವ ಕೈಯೇ ಬೇಕೆಂದಿಲ್ಲ. ಚೌಕಳಿ ಹಾಳೆ, ಪೆನ್ಸಿಲ್, ಉಚಿತವಾಗಿ ಸಿಗುವ ಫಾಂಟ್‌ಫೋರ್ಜ್ ಸಾಫ್ಟ್‌ವೇರ್ ಸಾಕು. ಇರುವ ಫಾಂಟಿನ ಮೇಲೆ ಸುಮ್ನೆ ಚುಕ್ಕಿ ಎಫೆಕ್ಟ್ ಹಾಕಬೇಡಿ. ಅಂಚಿನಲ್ಲಿ ಅರ್ಧಂಬರ್ಧ ಚುಕ್ಕಿ ಉಳಿದು ಅಕ್ಷರ ಹರಿದಂತೆ ಕಾಣುತ್ತದೆ.

ಇಂಗ್ಲಿಷ್‌ಗೆ ಅಡ್ಡ 5, ಉದ್ದ 7 ಮನೆ ಹಾಕಿ, ಹಳೇ ಬೋರ್ಡುಗಳ ಅಳತೆ ಅದೇ. ದೊಡ್ಡ 'ಎ' ತಗೊಳ್ಳಿ: ಮೇಲಿನ ಸಾಲಿನಲ್ಲಿ ನಡುವಿನ 3 ಚುಕ್ಕಿ, ನಾಲ್ಕನೇ ಸಾಲಿನಲ್ಲಿ ಐದೂ, ಉಳಿದ ಸಾಲುಗಳಲ್ಲಿ ಎರಡು ತುದಿಗೆ ಒಂದೊಂದು. 35 ಮನೆಗೆ 18 ಚುಕ್ಕಿ, ಅಷ್ಟೇ. ಸೊನ್ನೆಯ ಹೊಟ್ಟೆಯಲ್ಲಿ ಓರೆಯಾಗಿ ಚುಕ್ಕಿ ಇಡಿ, ಇಲ್ಲದಿದ್ದರೆ 'ಓ' ಅಂತ ಓದುತ್ತಾರೆ.

ಈಗ ಕಂಪ್ಯೂಟರ್. ಫಾಂಟಿನ ಎಮ್ ಅಳತೆ (ಅಕ್ಷರ ಕೂರುವ ಚೌಕಟ್ಟಿನ ಎತ್ತರ) 1000 ಯೂನಿಟ್, ಒಂದು ಮನೆ 100, ಚುಕ್ಕಿಯ ಅಗಲ 80 ಇಟ್ಟುಕೊಳ್ಳಿ. ಅಕ್ಷರಕ್ಕೆ 500, ಪಕ್ಕದಲ್ಲಿ ಖಾಲಿ ಬಿಡಲು 100. ಚುಕ್ಕಿಯನ್ನು ಒಂದೇ ಸಲ ಬರೆದು 'ಕಾಪಿ ರೆಫರೆನ್ಸ್' ಕೊಟ್ಟು ಎಲ್ಲ ಕಡೆ ಅಂಟಿಸಿ. ನಾಳೆ ಮೂಲ ಚುಕ್ಕಿಯನ್ನು ಚೌಕ ಮಾಡಿದರೆ ಇಡೀ ಫಾಂಟೇ ಚೌಕವಾಗುತ್ತದೆ!

ತುಂಬಾ ಜನ ಎಡವುವುದು ಓರೆ ಗೆರೆಯಲ್ಲಿ. ಅಕ್ಕಪಕ್ಕದ ಚುಕ್ಕಿಗಳ ನಡುವೆ 20 ಸಂದು, ಓರೆಯಲ್ಲಿ ಸುಮಾರು 61. ಅದಕ್ಕೇ 'ಎಕ್ಸ್' ಬಡಕಲಾಗಿ ಕಾಣುವುದು. ಚುಕ್ಕಿಯನ್ನು 90ಕ್ಕೆ ಹಿಗ್ಗಿಸಿ ನೋಡಿ, ಅಕ್ಷರ ಕೂಡಿಕೊಳ್ಳುತ್ತದೆ, ಆದರೆ ಪೂರ್ತಿ ಅಂಟಿಸಬೇಡಿ, ಸಂದಿನಲ್ಲೇ ಇದರ ಚೆಲುವಿರುವುದು.

ಕನ್ನಡಕ್ಕೆ 7 ಸಾಲು ಸಾಲುವುದಿಲ್ಲ. ನಾನು 16 ಹಿಡಿಯುತ್ತೇನೆ: ಮೇಲೆ 4 ತಲೆಕಟ್ಟು, ಗುಡಿಸಿಗೆ, ನಡುವೆ 7 ಅಕ್ಷರದ ಮೈಗೆ, ಕೆಳಗೆ 5 ಒತ್ತಿಗೆ. ಮನೆಯನ್ನು 50ಕ್ಕೆ ಇಳಿಸಿ, ಚುಕ್ಕಿಯನ್ನೂ ಅದೇ ಲೆಕ್ಕದಲ್ಲಿ. ಮೊದಲು 'ದ' ಬರೆಯಿರಿ, ಆಮೇಲೆ ಅದರ ಬುಡದ ನಡುವೆ, ಕೆಳಗಿನ ಸಾಲಿನಲ್ಲಿ, ಒಂದೇ ಒಂದು ಚುಕ್ಕಿ ಇಡಿ. ಹೊಟ್ಟೆ ಸೀಳಿ 'ಧ' ಆಯಿತು. ಆ ಚುಕ್ಕಿಗೆ ಜಾಗ ಬಿಡದಿದ್ದರೆ ದನ, ಧನ ಎರಡೂ ಒಂದೇ! ಒತ್ತಕ್ಷರ ತಾನಾಗಿ ಕೂರಲು ಓಪನ್‌ಟೈಪ್ ನಿಯಮ (ಯಾವ ಅಕ್ಷರ ಸೇರಿದಾಗ ಯಾವ ರೂಪ ತೋರಿಸಬೇಕು ಅಂತ ಫಾಂಟಿಗೆ ಹೇಳುವ ಸೂಚನೆ) ಬರೆಯಬೇಕು, ಅದು ದೊಡ್ಡ ಕೆಲಸ. ಮೊದಲ ಸಲ ಒಂದು ಶೀರ್ಷಿಕೆಗೆ ಬೇಕಾದ ಅಕ್ಷರ ಮಾತ್ರ ಮಾಡಿ.

ಬಳಸುವಾಗ ದೊಡ್ಡದಾಗಿ ಬಳಸಿ. ಪರದೆಯ ಮೇಲೆ ಇಂಗ್ಲಿಷ್‌ಗೆ 40, 50, 60 ಪಿಕ್ಸೆಲ್, ಕನ್ನಡಕ್ಕೆ 60, 80, 100 ಹೀಗೆ ಹೋದರೆ ಪ್ರತಿ ಮನೆಯೂ ಇಡೀ ಪಿಕ್ಸೆಲ್‌ಗಳ ಮೇಲೆ ಕೂರುತ್ತದೆ, ಚುಕ್ಕಿಗಳು ಎಲ್ಲ ಕಡೆ ಒಂದೇ ಥರ ಕಾಣುತ್ತವೆ. 12ಕ್ಕೆ ಇಳಿಸಿದರೆ ಬರೀ ಬೂದು ಮಸಿ.